ಎಬ್ಬಿಸೋದು ಯಾರನ್ನ?

ಮೈಸೂರಿನಲ್ಲಿ ರಿಟೈರ್ ಆದವರು ಸೇರಿದರೆ ಮೊದಲೆಲ್ಲ ಪೆನ್ಷನ್ನು, ಶುಗರ್ರು, ಪಕ್ಕದ ಸೈಟಿನ ಬೆಲೆ, ಇಷ್ಟೇ ಮಾತು. ಈಗ ವಿಮಾನದ ಸೀಟೂ ಸೇರಿಕೊಂಡಿದೆ. ಯಾವ ಬೀದಿಗೆ ಹೋದರೂ ಒಬ್ಬರ ಮಗಳೋ ಮಗನೋ ಅಮೆರಿಕದಲ್ಲಿ ಇದ್ದೇ ಇರುತ್ತಾರೆ. ಬಾಣಂತನಕ್ಕೆ ಹೋಗಿ ಬಂದವರು ಮೊಮ್ಮಗುವಿನ ವಿಷಯ ಐದು ನಿಮಿಷ ಹೇಳುತ್ತಾರೆ. ಹೋದ ವಿಮಾನದ ವಿಷಯ ಕಾಫಿ ಆರಿ ತಣ್ಣಗಾಗುವ ತನಕ.

ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿ ನಾವು ಕಾಫಿಗೆ ಸೇರುವ ಕಡೆ ಮೊನ್ನೆ ಗೌಡ್ರು ಸುದ್ದಿ ಬಿಟ್ಟರು. ಗೌಡ್ರು ಮಂಡ್ಯದವರು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿ ತೂಗಿ ರಿಟೈರ್ ಆಗಿ ಈಗ ಸರಸ್ವತಿಪುರಂನಲ್ಲಿ ಮನೆ ಮಾಡಿದ್ದಾರೆ.

"ಮುಂದಿನ ವಾರ ನಾನೂ ನಮ್ಮನೆಯೋಳೂ ಹೊಂಟ್ವಿ ಸಾ. ಮಗಳಿಗೆ ಒಂಬತ್ತು ತಿಂಗಳು. ಬೆಂಗಳೂರಿಂದ ದುಬೈ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ. ಒಸಿ ಏನೇನ್ ನೋಡ್ಕೋಬೇಕು ಹೇಳಿ."

ಕೇಳಿದ್ದೇ ತಡ, ಮೇಜಿನ ಸುತ್ತ ಇದ್ದ ಮೂವರೂ ಒಟ್ಟಿಗೆ ಬಾಯಿ ತೆರೆದರು.

"ಕಿಟಕಿ ಸೀಟು ತಗೊಳ್ಳಿ," ಅಂದರು ಬ್ಯಾಂಕಿನ ರಾಯರು.

"ಅಯ್ಯೋ, ಬೇಡವೇ ಬೇಡ," ಅಂದರು ಸರೋಜಕ್ಕ. ಅವರ ಇಬ್ಬರು ಮಕ್ಕಳೂ ಅಲ್ಲೇ, ಒಬ್ಬ ಈ ತುದಿ, ಒಬ್ಬ ಆ ತುದಿ. ಹಾಗಾಗಿ ಈ ವಿಷಯದಲ್ಲಿ ಅವರ ಮಾತೇ ಸುಪ್ರೀಂ ಕೋರ್ಟು.

ಮೇಷ್ಟ್ರು ಮಾತ್ರ ಬುಡದಿಂದ ಶುರು ಮಾಡಿದರು. ಫಿಸಿಕ್ಸ್ ಪಾಠ ಮಾಡಿದವರಿಗೆ ಬೇರೆ ದಾರಿ ಗೊತ್ತಿಲ್ಲ.

"ನೋಡಿ ಗೌಡ್ರೇ, 2022ರ ಅಕ್ಟೋಬರಿನಲ್ಲಿ ದುಬೈಯಿಂದ ಬೆಂಗಳೂರಿಗೆ ಎ380 ಬರೋಕೆ ಶುರುವಾಯ್ತು. ಎರಡಂತಸ್ತಿನ ವಿಮಾನ. ನಾಲ್ಕು ಎಂಜಿನ್. ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ಹತ್ತಿರ ಹತ್ತಿರ 80 ಮೀಟರ್. ಮೇಲೇಳುವಾಗ 575 ಟನ್ ತನಕ ತೂಗುತ್ತೆ. ಆ ಗಾತ್ರದ್ದು ನಮ್ಮ ಮಂಡಕಳ್ಳಿ ಏರ್‌ಪೋರ್ಟಿನಲ್ಲಿ ಇಳಿಯೋ ಮಾತೇ ಇಲ್ಲ."

ತೂಕ ಅಂದ ತಕ್ಷಣ ಗೌಡ್ರ ಕಣ್ಣು ಅರಳಿತು. "ಲಾರಿಗೆ ಇಪ್ಪತ್ತು ಟನ್ ಅಂದ್ರೂ ಇಪ್ಪತ್ತೆಂಟು ಲಾರಿ ಕಬ್ಬು ಆಯ್ತು, ಮೇಲೆ ಚಿಲ್ರೆ! ಅದು ಹಾರ್ತದಾ?"

"ಹಾರುತ್ತೆ. ಅಷ್ಟರಲ್ಲಿ ನಿಮ್ಮ ಪಾಲಿಗೆ ಬರೋದು ಹದಿನೆಂಟು ಇಂಚು ಅಗಲ," ಅಂದರು ಸರೋಜಕ್ಕ. "ಮುಂದಕ್ಕೆ ಮೂವತ್ತೆರಡು ಇಂಚು."

"ಅದೂ ಪೂರ್ತಿ ಕಾಲಿಗಲ್ಲ," ಅಂತ ಮೇಷ್ಟ್ರು ತಿದ್ದಿದರು. "ನಿಮ್ಮ ಸೀಟಿನ ಒಂದು ಜಾಗದಿಂದ ಮುಂದಿನ ಸೀಟಿನ ಅದೇ ಜಾಗಕ್ಕೆ ಅಳೆಯೋದು. ಸೀಟಿನ ದಪ್ಪವೂ ಅದರಲ್ಲೇ ಬಂತು. ಎ380 ಆದ್ರೂ ವಾಸಿ. ಬೋಯಿಂಗ್ 777ರಲ್ಲಿ ಮೊದಲು ಸಾಲಿಗೆ ಒಂಬತ್ತು ಸೀಟು ಇರ್ತಿತ್ತು. ಆಮೇಲೆ ಬಹಳ ಕಂಪನಿಗಳು ಹತ್ತು ಹಾಕಿದ್ವು. ವಿಮಾನ ಏನೂ ಅಗಲ ಆಗ್ಲಿಲ್ಲ."

"ಅಂಗಾರೆ?"

"ಜನ ಸಣ್ಣ ಆಗ್ಬೇಕು."

ಗೌಡ್ರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಎರಡನೇ ವಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹತ್ತಿರಕ್ಕೆ ಎಳೆದುಕೊಂಡರು, ಅದು ಬೇರೆ ವಿಷಯ.

ಸೀಟಿನ ಜಗಳ ಇನ್ನೂ ಮುಗಿದಿರಲಿಲ್ಲ. ಮೇಷ್ಟ್ರು ಬಿಲ್ಲಿನ ಹಿಂದೆ ಚಿತ್ರ ಬರೆದರು. ಈ ಕಿಟಕಿ ಪಕ್ಕ ಮೂರು: ಎ, ಬಿ, ಸಿ. ನಡುವೆ ನಾಲ್ಕು: ಡಿ, ಇ, ಎಫ್, ಜಿ. ಆ ಕಿಟಕಿ ಪಕ್ಕ ಮತ್ತೆ ಮೂರು: ಎಚ್, ಜೆ, ಕೆ. ನಡುವೆ ನಡೆದಾಡೋಕೆ ಎರಡು ದಾರಿ.

"ಐ ಎಲ್ಲೋಯ್ತು?" ಅಂದರು ಗೌಡ್ರು.

"ಐ ಅಂದ್ರೆ ಒಂದು ಅಂತ ಓದ್ಕೊಂಡು ಜನ ಗಲಾಟೆ ಮಾಡ್ಕೋತಾರೆ ಅಂತ ಬಿಟ್ಬಿಟ್ಟಿದ್ದಾರೆ. ಈಗ ಲೆಕ್ಕ ನೋಡಿ. ಕಿಟಕಿಯವನು ಬಾತ್‌ರೂಮಿಗೆ ಹೋಗ್ಬೇಕಂದ್ರೆ ಇಬ್ಬರನ್ನ ಎಬ್ಬಿಸ್ಬೇಕು. ನಡುವಿನ ನಾಲ್ಕರಲ್ಲಿ ಇ, ಎಫ್ ಇಬ್ಬರಿಗೂ ಒಬ್ಬರನ್ನ ಎಬ್ಬಿಸಿದ್ರೆ ಸಾಕು. ದಾರಿ ಪಕ್ಕದವನು, ಅಂದ್ರೆ ಐಲ್ ಸೀಟಿನವನು, ಯಾರನ್ನೂ ಎಬ್ಬಿಸ್ಬೇಕಾಗಿಲ್ಲ. ಅವನನ್ನೇ ಎಲ್ಲ ಎಬ್ಬಿಸ್ತಾರೆ."

ಇಲ್ಲಿ ನನ್ನದೂ ಒಂದು ಮಾತು ಸೇರಿಸಿಬಿಡುತ್ತೇನೆ. ಎಕಾನಮಿಯಲ್ಲಿ ಕಾಲಿಗೆ ಜಾಗ ಇಲ್ಲ ಅನ್ನೋದು ಸಣ್ಣ ದೂರು. ಕಾಲು ಹೇಗೋ ಒಗ್ಗಿಕೊಳ್ಳುತ್ತೆ. ಸಂಕೋಚ ಒಗ್ಗಿಕೊಳ್ಳಲ್ಲ. ಅದರಲ್ಲೂ ಮೈಸೂರಿನವರಿಗೆ! ಬಾಯಿ ತೆರೆದು ಮಲಗಿರುವ ಅಪರಿಚಿತನ ಭುಜ ತಟ್ಟಿ "ಸ್ವಲ್ಪ ಜಾಗ ಬಿಡ್ತೀರಾ" ಅನ್ನೋದಕ್ಕಿಂತ, ಪೆಸಿಫಿಕ್ ಸಾಗರ ಪೂರ್ತಿ ದಾಟೋ ತನಕ ತಡೆದುಕೊಂಡು ಕೂರೋದೇ ಮರ್ಯಾದೆ ಅಂದುಕೊಳ್ಳುವ ಜನ ನಾವು.

ರಾಯರೇ ಇದಕ್ಕೆ ಸಾಕ್ಷಿ. ಕಿಟಕಿ ಸೀಟಿನ ವಕೀಲರಾದ ಅವರನ್ನು ಸರೋಜಕ್ಕ ಪಾಟಿ ಸವಾಲಿಗೆ ಎಳೆದರು. "ನಿಜ ಹೇಳಿ ರಾಯ್ರೇ, ಹೋದ್ಸಲ ಎಷ್ಟು ಹೊತ್ತು ಎದ್ದೇ ಇರ್ಲಿಲ್ಲ?"

ರಾಯರು ಲೋಟದ ತಳ ನೋಡಿದರು. "ಪಕ್ಕದ ಇಬ್ಬರೂ ಹತ್ತಿದ ಕೂಡ್ಲೇ ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿಬಿಟ್ರು. ಎಬ್ಬಿಸೋದು ಸರಿ ಕಾಣ್ಲಿಲ್ಲ. ಅದಕ್ಕೆ ನೀರು ಕುಡಿಯೋದನ್ನೇ ನಿಲ್ಲಿಸ್ದೆ."

"ಅದನ್ನ ಮಾತ್ರ ಮಾಡ್ಬೇಡಿ," ಅಂತ ಮೇಷ್ಟ್ರು ಗಂಭೀರವಾದರು. "ಒಳಗಿನ ಗಾಳಿಯಲ್ಲಿ ತೇವ ಶೇಕಡಾ 20ಕ್ಕಿಂತ ಕಮ್ಮಿ. ಮೂಗು, ಗಂಟಲು ಎಲ್ಲ ಒಣಗಿಹೋಗುತ್ತೆ. ಕಾಲು ಆಡಿಸದೆ ಅಷ್ಟು ಹೊತ್ತು ಕೂತ್ರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ. ಎದ್ದು ಓಡಾಡ್ಬೇಕು. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ಬೇಕು."

"ಹೋದ್ರೂ ಅಲ್ಲೇನಿದೆ ಸುಖ?" ಅಂದರು ರಾಯರು. "ಫ್ಲಶ್ ಬಟನ್ ಒತ್ತಿದ್ರೆ ಆ ಸದ್ದು! ನನ್ನನ್ನೇ ಎಳ್ಕೊಂಡು ಹೋಗುತ್ತೇನೋ ಅನ್ಸುತ್ತೆ."

ಮೇಷ್ಟ್ರಿಗೆ ಅದೂ ಗೊತ್ತು. ಹೊರಗಿನ ಗಾಳಿಯ ಒತ್ತಡ ಕಮ್ಮಿ, ಒಳಗೆ ಜಾಸ್ತಿ. ಕವಾಟ ತೆರೆದರೆ ಒಳಗಿನ ಗಾಳಿ ನುಗ್ಗಿ ಎಲ್ಲವನ್ನೂ ಟ್ಯಾಂಕಿಗೆ ತಳ್ಳುತ್ತದೆ. ಆ ಸದ್ದು ಅದರದ್ದು. ನೀರು ಒಂದು ಲೋಟದಷ್ಟು ಸಾಕು. ಬೋಯಿಂಗಿನವರು 1982ರಲ್ಲಿ ಇದನ್ನು ಮೊದಲು ಹಾಕಿದರಂತೆ.

"ಒಂದು ಲೋಟ ನೀರು ಅದಕ್ಕಾಯ್ತು. ನಮಗೆ?" ಅಂದರು ಗೌಡ್ರು.

ಯಾರೂ ಕೇಳದ ಪ್ರಶ್ನೆ. ಎಲ್ಲರ ಮನಸ್ಸಿನಲ್ಲೂ ಇದ್ದ ಪ್ರಶ್ನೆ. ಸರೋಜಕ್ಕ ಸುತ್ತ ನೋಡಿ ದನಿ ತಗ್ಗಿಸಿದರು. "ಖಾಲಿ ನೀರಿನ ಬಾಟಲಿ ಒಂದು ಕೈಚೀಲದಲ್ಲಿ ಇರ್ಲಿ. ಒಳಗೆ ನಲ್ಲಿ ಇರುತ್ತೆ. ಇನ್ನು ಏನೂ ಕೇಳ್ಬೇಡಿ." ಗೌಡ್ರ ಮುಖದಲ್ಲಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನೆಮ್ಮದಿ ಕಾಣಿಸಿತು.

ಊಟದ ಮಾತು ಬಂತು. ರಾಯರು ಒಂದು ಕಂಪನಿಯ ಹೆಸರು ಹೇಳದೆ ಬೈದರು. ಉಪ್ಪಿಲ್ಲ, ಖಾರವಿಲ್ಲ, ಅನ್ನಕ್ಕೆ ಹಚ್ಚಿದ್ದೇನು ಅಂತ ಇವತ್ತಿಗೂ ಗೊತ್ತಿಲ್ಲ.

"ಅಡುಗೆಯವರದ್ದೇ ತಪ್ಪಲ್ಲ," ಅಂದರು ಮೇಷ್ಟ್ರು. "ಒಳಗಿನ ಗಾಳಿಯ ಒತ್ತಡ ಆರೇಳೆಂಟು ಸಾವಿರ ಅಡಿ ಬೆಟ್ಟದ ಮೇಲಿದ್ದ ಹಾಗೆ ಇರುತ್ತೆ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ, ಊಟಿ ಅದಕ್ಕಿಂತ ಒಂದು ಸಾವಿರ ಅಡಿ ಮೇಲೆ. ನೀವು ಹದಿನಾರು ಗಂಟೆ ಊಟಿಯಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ, ತೇವ ಮಾತ್ರ ಇಲ್ಲ. ಅದರ ಜೊತೆಗೆ ಎಂಜಿನ್ ಸದ್ದು. ನಾಲಿಗೆಗೆ ಉಪ್ಪು, ಸಿಹಿ ಎರಡೂ ಸರಿಯಾಗಿ ಹತ್ತಲ್ಲ. ಜರ್ಮನಿಯಲ್ಲಿ ನೆಲದ ಮೇಲೇ ವಿಮಾನದ ಒಳಗಿನ ಹಾಗೆ ಒತ್ತಡ ಮಾಡಿ, ಜನರಿಗೆ ಊಟ ಹಾಕಿ ನೋಡಿದ್ದಾರೆ."

"ಊಟಿ ಅಂತೀರಾ, ಅಂಗಾರೆ ಚಿಪ್ಸ್ ಪ್ಯಾಕೆಟ್ ಉಬ್ಕೋತದೆ."

"ಚಿಪ್ಸ್ ಅಲ್ಲ, ಮೊಸರು," ಅಂದರು ಸರೋಜಕ್ಕ. ಮೊಸರಿನ ಪುಟ್ಟ ಡಬ್ಬಿಯ ಮೇಲಿನ ತಗಡಿನ ಹಾಳೆ ಪೂರಿಯಂತೆ ಉಬ್ಬಿರುತ್ತದಂತೆ. ಮೂಲೆ ಹಿಡಿದು ಜೋರಾಗಿ ಎಳೆದರೆ ಮುಗಿಯಿತು, ಪಕ್ಕದವನ ಕೋಟಿಗೆ ಅಭಿಷೇಕ. ಡಬ್ಬಿಯನ್ನು ತಟ್ಟೆಯ ಮೇಲೇ ಇಟ್ಟು, ಕರವಸ್ತ್ರ ಅಡ್ಡ ಹಿಡಿದು, ಮೂಲೆಯಲ್ಲಿ ಸಾಸಿವೆಯಷ್ಟು ತೆರೆದು, ಗಾಳಿ ಹೋಗಲು ಬಿಡಬೇಕು. ಆಮೇಲೆ ಪೂರ್ತಿ ಬಿಚ್ಚಬೇಕು. ಇಷ್ಟನ್ನೂ ಮೊಣಕೈ ಪಕ್ಕೆಗೆ ಅಂಟಿಸಿಕೊಂಡೇ ಮಾಡಬೇಕು. ಸರೋಜಕ್ಕ ಮೇಜಿನ ಮೇಲೆ ಸಕ್ಕರೆ ಡಬ್ಬಿ ಇಟ್ಟು ಮಾಡಿ ತೋರಿಸಿದರು. ಮಾಣಿ ನಿಂತು ನೋಡಿದ.

ಸಸ್ಯಾಹಾರದ ಊಟವನ್ನು ಒಂದು ದಿನ ಮುಂಚೆಯೇ ಹೇಳಿಡಬೇಕು ಅನ್ನೋದು ರಾಯರ ಸಲಹೆ. ಅದರಲ್ಲಿ ಲಾಭ ಇದೆ, ಎಲ್ಲರಿಗಿಂತ ಮೊದಲು ಬರುತ್ತೆ. ನಷ್ಟವೂ ಇದೆ. ತಿಂದು ಮುಗಿಸಿದ ತಟ್ಟೆ ಮಡಿಲ ಮೇಲೆ ಇಟ್ಟುಕೊಂಡು, ಉಳಿದವರೆಲ್ಲ ಉಂಡು, ಗಾಡಿ ವಾಪಸ್ ಬರುವ ತನಕ ಅಲುಗಾಡದೆ ಕೂರಬೇಕು. ಆ ಹೊತ್ತಿಗೇ ಮುಂದಿನವನು ಸೀಟು ಹಿಂದಕ್ಕೆ ಬಾಗಿಸುತ್ತಾನೆ.

"ಅದ್ಯಾಕೆ ರಗಳೆ? ನಮ್ಮನೆಯೋಳು ಉಪ್ಪಿನಕಾಯಿ, ಚಟ್ನಿಪುಡಿ ಕಟ್ತಾವ್ಳೆ. ಕೈಚೀಲ್ದಲ್ಲಿ ಮಡಿಕ್ಕೊಂಡ್ರೆ ಆಯ್ತು."

ಮೂವರೂ ಒಟ್ಟಿಗೆ ಕೈ ಅಡ್ಡ ಆಡಿಸಿದರು. 2006ರಿಂದ ಕೈಚೀಲದಲ್ಲಿ 100 ಮಿಲಿ ಮೀರಿದ ದ್ರವ ಬಿಡಲ್ಲ, ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿ ಅವರ ಕಣ್ಣಿಗೆ ದ್ರವವೇ. 2018ರಿಂದ ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿ ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೂ ತಡೆಯುತ್ತಾರೆ. ಎಲ್ಲ ದೊಡ್ಡ ಪೆಟ್ಟಿಗೆಗೆ ಹೋಗಬೇಕು.

"ಕೊಬ್ರಿ? ಮಗಳ ಮಡ್ಲು ತುಂಬಕ್ಕೆ ಎರಡು ಬಟ್ಲು ಎತ್ತಿಟ್ಟಿವ್ನಿ."

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸರಕಿನ ಪಟ್ಟಿಯಲ್ಲಿ ಅದೂ ಇದೆ."

ಗೌಡ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಾಂಬಿನ ಸಾಲಿನಲ್ಲಿ ಕೊಬ್ಬರಿ ಕೂತಿದ್ದನ್ನು ಅವರಿಂದ ನುಂಗಿಕೊಳ್ಳಲಾಗಲಿಲ್ಲ. "ಬೆಲ್ಲಕ್ಕೇನೂ ತಕರಾರಿಲ್ವಲ್ಲ?" ಅಂತ ಕೊನೆಗೆ ಕೇಳಿದರು. ಮಂಡ್ಯದವರಿಗೆ ಅಷ್ಟು ಉಳಿದರೆ ಸಾಕು.

"ಇಷ್ಟೆಲ್ಲ ಪಡಿಪಾಟಲು ಆ ಕಂಪನಿಯವರಿಗೂ ಗೊತ್ತು," ಅಂದರು ಸರೋಜಕ್ಕ. "ಸಿಂಗಪುರದಿಂದ ನ್ಯೂಯಾರ್ಕಿಗೆ ಹದಿನೆಂಟು ಗಂಟೆ ಮೀರಿ ಹಾರೋ ವಿಮಾನ ಇದೆಯಲ್ಲ, ಅದರಲ್ಲಿ ಎಕಾನಮಿ ಸೀಟೇ ಇಟ್ಟಿಲ್ಲ."

"ಕರುಣೆ," ಅಂದರು ರಾಯರು.

"ತೂಕ," ಅಂದರು ಮೇಷ್ಟ್ರು. "ಅಷ್ಟು ದೂರಕ್ಕೆ ಪೆಟ್ರೋಲು ಹೊರಬೇಕು. ಜನ ಕಮ್ಮಿ ಇರ್ಬೇಕು."

ವಿಮಾನಕ್ಕೆ ಹಾಕೋದು ಪೆಟ್ರೋಲಲ್ಲ, ಸೀಮೆಎಣ್ಣೆಯ ಜಾತಿಯದ್ದು. ಮೇಷ್ಟ್ರು ಬಾಯಿ ತಪ್ಪಿದ್ದು ಅದೊಂದೇ, ಹಾಗಾಗಿ ಬರೆದಿಟ್ಟಿದ್ದೇನೆ.

ಇಳಿಯೋ ಮಾತು ಬಂದಾಗ ಮೇಷ್ಟ್ರ ಹತ್ತಿರ ಇನ್ನೊಂದು ಲೆಕ್ಕ ಇತ್ತು. 2006ರ ಮಾರ್ಚಿನಲ್ಲಿ ಹ್ಯಾಂಬರ್ಗಿನಲ್ಲಿ ಎ380ಯಿಂದ ಜನರನ್ನು ತುರ್ತಾಗಿ ಇಳಿಸೋ ಪರೀಕ್ಷೆ ಆಯಿತು. ಅರ್ಧ ಬಾಗಿಲು ಮುಚ್ಚಿ, ಕತ್ತಲೆ ಮಾಡಿ, 873 ಜನರನ್ನು ಇಳಿಸಿದರು. 78 ಸೆಕೆಂಡು ಸಾಕಾಯಿತು.

"ಸುಳ್ಳು," ಅಂದರು ರಾಯರು ತಕ್ಷಣ. "ಚಕ್ರ ನೆಲ ಮುಟ್ಟೋಕೆ ಮುಂಚೆ ಎದ್ದು ನಿಂತು, ಚೀಲ ತಲೆ ಮೇಲೆ ಇಟ್ಕೊಂಡು, ಮಗನಿಗೆ ಫೋನು ಹಚ್ಚಿ, ಆಮೇಲೆ ಅರ್ಧ ಗಂಟೆ ಹಾಗೇ ನಿಂತಿರ್ತೀವಿ. ಎಪ್ಪತ್ತೆಂಟು ಸೆಕೆಂಡಂತೆ!"

"ಅವರ ಹತ್ರ ಲಗೇಜ್ ಇರ್ಲಿಲ್ಲ ರಾಯ್ರೇ."

"ಹಾಗ್ ಹೇಳಿ ಮತ್ತೆ."

ಬಿಲ್ಲು ಕೊಡಲು ಮಾಣಿ ಎರಡು ಸಲ ಬಂದು ಹೋದ. ಬಿಲ್ಲಿನ ಹಿಂದೆ ಸೀಟಿನ ನಕ್ಷೆ ಇದ್ದಿದ್ದರಿಂದ ಯಾರೂ ಬಿಟ್ಟುಕೊಡಲಿಲ್ಲ. ಸರೋಜಕ್ಕ ಕೊನೆಗೆ ತೀರ್ಪು ಕೊಟ್ಟರು: ಐಲ್ ಸೀಟೇ ಸರಿ, ಬೇರೆ ಮಾತಿಲ್ಲ. ಅದಕ್ಕೆ ನನ್ನ ಓಟೂ ಬಿತ್ತು. ರಾಯರು ಸೋತರು.

"ಅದ್ ಸರಿ ಗೌಡ್ರೇ, ನಿಮ್ಮ ಸೀಟು ಯಾವ್ದು?" ಅಂತ ಮೇಷ್ಟ್ರು ಕೇಳಿದ್ದು ಆಗಲೇ.

ಗೌಡ್ರು ಕನ್ನಡಕ ಹಣೆಗೇರಿಸಿ ಫೋನು ಮೂಗಿನ ಹತ್ತಿರ ಹಿಡಿದರು. "ಮಗಳೇ ಮಾಡ್ಸವ್ಳೆ. ಡಿ, ನಮ್ಮನೆಯೋಳ್ದು. ಅವಳಿಗೆ ಮಂಡಿ ನೋವಲ್ವಾ, ದಾರಿ ಪಕ್ಕ ಇರ್ಲಿ ಅಂತ. ಇ, ನಂದು."

"ಮತ್ತಿನ್ನೇನು!" ರಾಯರು ಮೇಜು ತಟ್ಟಿದರು. "ಪಕ್ಕದಲ್ಲಿ ಸ್ವಂತ ಹೆಂಡತಿ. ಸಂಕೋಚದ ಮಾತೇ ಇಲ್ಲ. ಎಬ್ಬಿಸಿದ್ರಿ, ಹೋದ್ರಿ, ಬಂದ್ರಿ."

"ಯಾರ್ನ? ಮಲ್ಗಿರೋ ಅವಳ್ನಾ?" ಗೌಡ್ರು ನಕ್ಷೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಇನ್ನೊಂದು ಪಕ್ಕದ ಎಫ್, ಜಿ ಮೇಲೆ ಬೆರಳಿಟ್ಟರು. "ಈ ಕಡೆ ಇಬ್ರು ಅವ್ರಲ್ಲ ಸಾ, ಅವರನ್ನೇ ಎಬ್ಬಿಸ್ತೀನಿ ಬುಡಿ."