ಬ್ಲ್ಯಾಕ್‌ಹೆಡ್‌ಗೆ ‘ಕಪ್ಪು ಚುಕ್ಕೆ’ ಸಾಕಾ?

ಗೆಳೆಯರೇ,

ಪಿಯುಸಿ ಮಕ್ಕಳಿಗಾಗಿ ಮೊಡವೆ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ, ಬ್ಲ್ಯಾಕ್‌ಹೆಡ್ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ‘ಕಪ್ಪುತಲೆ’ ಅಂದರೆ ನಗು ಬರುತ್ತದೆ. ‘ಕಪ್ಪು ಚುಕ್ಕೆ’ ಅನ್ನೋಣ ಅಂದರೆ, ಮೊಡವೆ ಒಣಗಿದ ಮೇಲೆ ಉಳಿಯುವ ಕಲೆಗೂ ಜನ ಅದನ್ನೇ ಹೇಳುತ್ತಾರೆ. ಕಲೆ ಚಪ್ಪಟೆ, ಬೆರಳಾಡಿಸಿದರೆ ಕೈಗೆ ಸಿಗುವುದಿಲ್ಲ, ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗಿ ಮಾಸುತ್ತದೆ. ಬ್ಲ್ಯಾಕ್‌ಹೆಡ್ ಹಾಗಲ್ಲ. ಕೂದಲ ಬುಡದ ತೂತಿನಲ್ಲಿ ಜಿಡ್ಡು, ಸತ್ತ ಚರ್ಮ ಸೇರಿ ಕಟ್ಟಿಕೊಂಡದ್ದು ಅದು. ಬಾಯಿ ತೆರೆದೇ ಇರುವುದರಿಂದ ತುದಿ ಕಪ್ಪಾಗಿರುತ್ತದೆ. ಕೊಳೆ ಅಲ್ವೇ ಅಲ್ಲ! ಹುಡುಗರು ಕೊಳೆ ಅಂದುಕೊಂಡು ಸ್ಕ್ರಬ್ ಹಾಕಿ ಉಜ್ಜಿ ಉಜ್ಜಿ ಮುಖ ಕೆಂಪು ಮಾಡಿಕೊಳ್ಳುತ್ತಾರೆ, ಅದಕ್ಕೇ ಈ ಹೆಸರಿನ ತಲೆನೋವು.

‘ಬಾಯಿಬಿಟ್ಟ ಮೊಡವೆ’ ಅನ್ನಬಹುದಾ, ವೈಟ್‌ಹೆಡ್‌ಗೆ ‘ಬಾಯಿಮುಚ್ಚಿದ ಮೊಡವೆ’? ಆದರೆ ಕುರು ಬಾಯಿಬಿಟ್ಟಿತು ಅಂದರೆ ಒಡೆಯಿತು ಅಂತ ಅಲ್ವಾ? ಓದಿದವರು ಹಿಚುಕೋಕೆ ಶುರು ಮಾಡಿದರೆ ಕಷ್ಟ.

ಉಳಿದದ್ದು ಸಲೀಸು. ಕೀವು ತುಂಬಿದ್ದು ‘ಹಣ್ಣಾದ ಮೊಡವೆ’, ಒಳಗೇ ಗಟ್ಟಿಯಾಗಿ ನೋಯುವುದು ‘ಗಂಟು ಮೊಡವೆ’. ಗಂಟು ಎದ್ದರೆ ಮುಖದಲ್ಲಿ ಗುಳಿ ಬೀಳುವ ಮೊದಲೇ ಚರ್ಮದ ಡಾಕ್ಟರಿಗೆ ತೋರಿಸಿ ಅಂತ ಬರೆದಿದ್ದೇನೆ.

ಔಷಧಿ ಹೆಸರುಗಳನ್ನು ಕನ್ನಡ ಮಾಡೋಕೆ ಹೋಗಿಲ್ಲ, ಅಂಗಡಿಯಲ್ಲಿ ಕೇಳೋದು ಆ ಹೆಸರಿನಲ್ಲೇ. ಬೆಂಜಾಯ್ಲ್ ಪೆರಾಕ್ಸೈಡ್ 2.5% (ಬಣ್ಣದ ಟವೆಲ್, ದಿಂಬಿನ ಕವರ್ ಬಿಳಿಚಿಕೊಳ್ಳುತ್ತವೆ, ಅಮ್ಮನ ಬೈಗುಳ ಗ್ಯಾರಂಟಿ), ಅಡಾಪಲೀನ್ 0.1%. ಈ ಎರಡನೆಯದನ್ನು ಡಾಕ್ಟರನ್ನು ಕೇಳಿ, ರಾತ್ರಿ ಬಟಾಣಿ ಕಾಳಿನಷ್ಟು ತೆಗೆದು ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು, ಎದ್ದ ಮೊಡವೆ ಮೇಲೆ ಮಾತ್ರ ಬೊಟ್ಟು ಇಡೋದಲ್ಲ. ಗುಣ ಕಾಣೋಕೆ 8ರಿಂದ 12 ವಾರ ಬೇಕು. ಎರಡೇ ವಾರಕ್ಕೆ ಬಿಟ್ಟುಬಿಡುವವರೇ ಜಾಸ್ತಿ.

ಇನ್ನೊಂದು ಪ್ರಶ್ನೆ. ಮುಖ ಬೆಳ್ಳಗಾಗಲಿ ಅಂತ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚುತ್ತಾರಲ್ಲ, ಮೊದಲು ನುಣುಪಾಗುತ್ತದೆ, ಆಮೇಲೆ ಅದರಿಂದಲೇ ಮೊಡವೆ ಏಳುತ್ತದೆ, ನಿಲ್ಲಿಸಿದರೆ ಉರಿ, ಕೆಂಪು, ಇನ್ನಷ್ಟು ಮೊಡವೆ. ಇದಕ್ಕೆ ‘ಮರುಕಳಿಸು’ ಒಗ್ಗುವುದಿಲ್ಲ, ಹಳೇ ಕಾಯಿಲೆ ತಾನಾಗಿ ತಿರುಗಿ ಬಂತು ಅಂದ ಹಾಗಾಗುತ್ತದೆ. ‘ಕೆರಳು’ ಸರಿಯೇನೋ. ಹಚ್ಚುವುದನ್ನು ಬಿಟ್ಟಿದ್ದಕ್ಕೇ ಕೆರಳಿತು ಅನ್ನುವ ಅರ್ಥ ಬರುವ ಮಾತು ನಿಮ್ಮ ಕಡೆ ಏನಾದರೂ ಇದೆಯಾ?