ಅಪ್‌ಡೇಟ್: ಹಳೆಯ ವಿಂಚೆಸ್ಟರ್ ಕೊನೆಗೂ ಮನೆಗೆ ಬಂತು

ಅಮೆರಿಕದ ಮೊಂಟಾನಾದಲ್ಲಿ ಮಾರಾಟಕ್ಕಿದ್ದ ವಿಂಚೆಸ್ಟರ್ ಮಾಡೆಲ್ 70 ಬೇಟೆ ರೈಫಲ್ ಕೊಳ್ಳಬಹುದಾ ಅಂತ ಹೋದ ವಾರ ಕೇಳಿದ್ದೆ. ನಳಿಗೆಯೊಳಗೆ ಕಪ್ಪು ಕಲೆ ಇತ್ತು, ತುಕ್ಕೇನೋ ಅಂತ ಭಯ. ಕೊಂಡೆ!

ನಳಿಗೆಯ ಮೂತಿಗೆ ಕೈಯಿಂದ ಗುಂಡು ತೂರಿಸಿ ಸವೆತ ನೋಡುವ ಉಪಾಯದಿಂದ ಏನೂ ತಿಳಿಯಲಿಲ್ಲ. ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಹೆಡ್‌ಸ್ಪೇಸ್ ಗೇಜ್ (ಕಾಡತೂಸು ಕೂರುವ ಜಾಗದ ಅಳತೆ ನೋಡುವ ಸಾಧನ) ಹಾಕಿಸಿ ಅಂದವರಿಗೆ ದೊಡ್ಡ ನಮಸ್ಕಾರ. ಮಿತಿ ಮೀರಿದ ಅಳತೆಯ ನೋ-ಗೋ ಗೇಜ್ ಇಟ್ಟಾಗ ಬೋಲ್ಟ್ (ನಳಿಗೆಯನ್ನು ಹಿಂದಿನಿಂದ ಮುಚ್ಚುವ ಭಾಗ) ಮುಚ್ಚಲೇ ಇಲ್ಲ, ಅಂದರೆ ಆ ಜಾಗ ಸಡಿಲವಾಗಿಲ್ಲ, ಸರಿಯಾಗಿದೆ. ಕಲೆಯೂ ತುಕ್ಕಲ್ಲ! ವರ್ಷಗಟ್ಟಲೆ ಕೂತ ಮಸಿ, ತಾಮ್ರ. ಗನ್‌ಸ್ಮಿತ್ ಅವರೇ ಸಾಲ್ವೆಂಟ್ (ಕೊಳೆ ಕರಗಿಸುವ ದ್ರವ) ಹಾಕಿ ಉಜ್ಜಿದರು, ರೈಫ್ಲಿಂಗ್ (ನಳಿಗೆಯೊಳಗಿನ ಸುರುಳಿ ಗೆರೆಗಳು) ಚೂಪಾಗಿ ಕಂಡಿತು.

ಇನ್ನೊಂದು ಗೊತ್ತಿರಲಿಲ್ಲ. ಸೀರಿಯಲ್ ನಂಬರ್ 7 ಲಕ್ಷದೊಳಗಿದೆ, ಅಂದರೆ ಜನ ಹುಡುಕುವ 1964ಕ್ಕೆ ಮೊದಲಿನ ಮಾದರಿ. ಆದರೆ ಯಾರೋ ರೈಫಲ್‌ನ ಮರದ ಹಿಡಿಯ ಹಿಂಬದಿ ಕತ್ತರಿಸಿ ರಬ್ಬರ್ ಪ್ಯಾಡ್ ಕೂರಿಸಿದ್ದಾರೆ. ಸಂಗ್ರಹ ಮಾಡುವವರಿಗೆ ಬೇಡ, ಹಾಗಾಗಿ ಬೆಲೆ ಇಳಿಯಿತು. ನನಗೆ ಭುಜದ ನೋವು ಕಡಿಮೆ, ಅಷ್ಟೇ ಅಲ್ವಾ!