ಹಿಮದ ಮೇಲೆ ಮಳೆ ಸುರಿದು ನಿಂತಿದೆ: ಶನಿವಾರ ಸ್ನೋ ಲೇಕ್‌ಗೆ ಹೋಗಬಹುದಾ?

ಪ್ರಶ್ನೆ
ನಮಸ್ಕಾರ. ಸಿಯಾಟಲ್‌ನಿಂದ ನಾಲ್ಕು ಜನ ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲ ಚೌಕಟ್ಟು) ಹಾಕಿಕೊಂಡು, ಸ್ನೋಕ್ವಾಲ್ಮಿ ಪಾಸ್ ಎಂಬ ಬೆಟ್ಟದ ಹಾದಿಯ ಹತ್ತಿರವಿರುವ ಆಲ್ಪೆಂಟಲ್ ಪಾರ್ಕಿಂಗ್‌ನಿಂದ ಸ್ನೋ ಲೇಕ್ ಎಂಬ ಬೆಟ್ಟದ ಕೆರೆಗೆ ಹೊರಟಿದ್ದೇವೆ. ಬುಧವಾರ ಹೊಸ ಹಿಮ, ಅದರ ಮೇಲೇ ರಾತ್ರಿಯಿಡೀ ಮಳೆ. ಗುರುವಾರ ನಿಂತಿದೆ. ಹಾದಿ ಬಹುಪಾಲು ಕಣಿವೆಯ ತಳದಲ್ಲೇ ಇದೆಯಲ್ಲ, ಆದರೂ ಹಿಮಕುಸಿತದ ಭಯ ಇದೆಯಾ?

ಉತ್ತರ 1
ಇದೆ. ನೀವು ಸಮತಟ್ಟಿನಲ್ಲಿ ನಡೆದರೂ ತಲೆಯ ಮೇಲಿನ ಇಳಿಜಾರು ಸಮತಟ್ಟಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಕಳಚಿದ ಹಿಮ ತಳಕ್ಕೇ ಬಂದು ನಿಲ್ಲುತ್ತದೆ. ಕೊನೆಯಲ್ಲಿ ಕೆರೆಗೆ ದಾಟುವ ಏರಂತೂ ಕಡಿದಾಗಿದೆ.

ಮಳೆನೀರು ಹಿಮದ ಕಣಗಳ ನಡುವಿನ ಹಿಡಿತ ಸಡಿಲಿಸುತ್ತಾ ಕೆಳಗಿಳಿಯುತ್ತದೆ. ಹಳೆಯ ಗಟ್ಟಿ ಪದರ ಸಿಕ್ಕ ಕಡೆ ಮುಂದೆ ಇಳಿಯಲಾರದೆ ಅಲ್ಲೇ ಹರಡಿಕೊಳ್ಳುತ್ತದೆ. ಮೇಲಿನ ಭಾರವೆಲ್ಲ ಆ ಜಾರುವ ಪದರದ ಮೇಲೆ ಕೂರುತ್ತದೆ. ಮಳೆ ನಿಂತಿತು ಅನ್ನುವುದಕ್ಕಿಂತ, ಹಿಮ ಎಷ್ಟು ಆಳದವರೆಗೆ ಹೆಪ್ಪುಗಟ್ಟಿದೆ ಅನ್ನುವುದೇ ಮುಖ್ಯ. ರಾತ್ರಿ ಆಕಾಶ ತಿಳಿಯಾಗಿದ್ದರೆ ಗಾಳಿಯ ಉಷ್ಣತೆ 0 ಡಿಗ್ರಿಗಿಂತ ತುಸು ಮೇಲಿದ್ದರೂ ಮೇಲ್ಮೈ ಹೆಪ್ಪುಗಟ್ಟುತ್ತದೆ. ಮೋಡ ಕವಿದಿದ್ದರೆ ಶಾಖ ಹೊರಹೋಗದೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಪರೀಕ್ಷೆ ಸುಲಭ. ಸ್ನೋಶೂ ಬಿಚ್ಚಿ ಬೂಟಿನಲ್ಲಿ ನಿಂತು ನೋಡಿ. ಮೇಲಿನ ಎರಡು ಮೂರು ಸೆಂಟಿಮೀಟರ್ ಪೊರೆ ಮುರಿದು ಕಾಲು ಹಸಿ ಹಿಮದೊಳಗೆ ಕಣಕಾಲು ದಾಟಿ ಇಳಿದರೆ ವಾಪಸ್ ಬನ್ನಿ. ಪೊರೆಯ ಕೆಳಗಿನ ಹಿಮ ಹಿಡಿದು ಹಿಂಡಿದಾಗ ನೀರು ತೊಟ್ಟಿಕ್ಕಿದರೂ ಅದೇ ಮಾತು. ಮೇಲಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಉತ್ತರ 2
ಫೋನಿನ ಮ್ಯಾಪ್ ತೋರಿಸುವುದು ಬೇಸಿಗೆ ಹಾದಿ. ಅದು ಹಿಮ ಜಾರಿ ಬರುವ ಓಣಿಗಳನ್ನು ಅಡ್ಡಡ್ಡ ದಾಟುತ್ತದೆ, ದಯವಿಟ್ಟು ಅದನ್ನು ಹಿಡಿಯಬೇಡಿ. ಹೊರಡುವ ಮುನ್ನ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಸ್ನೋಕ್ವಾಲ್ಮಿ ಪಾಸ್ ಮುನ್ಸೂಚನೆ ಓದಿ. 1ರಿಂದ 5ರ ಅಪಾಯದ ಅಂಕಿ ನೋಡಿ ಮುಗಿಸಬೇಡಿ, ಕೆಳಗೆ ಯಾವ ಬಗೆಯ ಹಿಮಕುಸಿತ, ಯಾವ ಎತ್ತರದಲ್ಲಿ, ಯಾವ ದಿಕ್ಕಿನ ಇಳಿಜಾರಿನಲ್ಲಿ ಅಂತ ಇರುತ್ತದೆ.

ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಲೋಹದ ಸಲಿಕೆ ನಾಲ್ವರ ಹತ್ತಿರವೂ ಇರಲೇಬೇಕು. ಹಸಿ ಹಿಮ ಚಲನೆ ನಿಂತ ಕೂಡಲೇ ಕಾಂಕ್ರೀಟ್‌ನಂತೆ ಬಿಗಿಯುತ್ತದೆ, ಪ್ಲಾಸ್ಟಿಕ್ ಸಲಿಕೆ ಅದಕ್ಕೆ ತಡೆಯುವುದಿಲ್ಲ. ಹೂತುಹೋದವರನ್ನು ಮೊದಲ ಹತ್ತು ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಸರ್ರನೆ ಇಳಿಯುತ್ತದೆ. ಫೋನು ಬೀಕನ್‌ನಿಂದ 20 ಸೆಂಟಿಮೀಟರ್ ದೂರವಿರಲಿ, ಹುಡುಕುವಾಗ 50.

ಪ್ರಶ್ನೆ ಕೇಳಿದವರು
ತುಂಬಾ ಧನ್ಯವಾದ. ಬೀಕನ್ ಇರುವುದು ಇಬ್ಬರಿಗೆ ಮಾತ್ರ. ಬೇರೆ ಜಾಗ ಇದೆಯಾ?

ಉತ್ತರ 1
ಹಾಗಾದರೆ ಗೋಲ್ಡ್ ಕ್ರೀಕ್ ಪಾಂಡ್ ಸುತ್ತ ನಡೆಯಿರಿ, ಸಮತಟ್ಟು ಜಾಗ. ಕೊಳ ದಾಟಿ ಕಣಿವೆಯೊಳಗೆ ಹೋಗಬೇಡಿ, ಅಲ್ಲಿ ಮತ್ತೆ ಎರಡೂ ಕಡೆಯಿಂದ ಇಳಿಜಾರು ಶುರು. ಗ್ರಾನೈಟ್ ಮೌಂಟನ್ ಹತ್ತಿರವಿದೆ ಅಂತ ಅಲ್ಲಿಗೂ ತಿರುಗಬೇಡಿ, ಅದರ ಬೇಸಿಗೆ ಹಾದಿಯೂ ಹಿಮಕುಸಿತದ ಓಣಿಯನ್ನೇ ದಾಟುತ್ತದೆ. ಪಾಂಡ್ ಹತ್ತಿರ ಗಾಡಿ ನಿಲ್ಲಿಸಲು ಸ್ನೋ-ಪಾರ್ಕ್ ಪರ್ಮಿಟ್ (ಚಳಿಗಾಲದ ಪಾರ್ಕಿಂಗ್ ಪರವಾನಗಿ) ಬೇಕು, ಹಿಂದಿನ ದಿನವೇ ತೆಗೆದುಕೊಂಡಿರಿ.